"ಹೇಗೆ ಗೊತ್ತು?" ಎಂದು ಕೇಳುವ ಕ್ಲಾಸು: ಹೈಸ್ಕೂಲ್ ಮಕ್ಕಳಿಗೆ ಯೋಚಿಸಲು ಕಲಿಸುವ ಬಗೆ

ಒಂಬತ್ತನೇ ತರಗತಿಯ ಹುಡುಗಿ. ಗಣಿತದಲ್ಲಿ ಯಾವಾಗಲೂ ಪೂರ್ತಿ ಅಂಕ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಬೋರ್ಡಿನ ಮೇಲೆ ಸಾಧಿಸಿ ತೋರಿಸು ಎಂದೆ. ಚಕಚಕ ಬರೆದಳು. ಒಂದಕ್ಷರ ತಪ್ಪಿಲ್ಲ. ನಾನು ಅದನ್ನು ಅಳಿಸಿ, ತ್ರಿಭುಜವನ್ನು ಸ್ವಲ್ಪ ಓರೆಯಾಗಿ ಬರೆದು, ಎ ಬಿ ಸಿ ಬದಲು ಪಿ ಕ್ಯೂ ಆರ್ ಎಂದು ಹೆಸರಿಟ್ಟೆ. "ಈಗ ಮಾಡು" ಎಂದೆ. ಸೀಮೆಸುಣ್ಣ ಹಿಡಿದು ನಿಂತುಬಿಟ್ಟಳು. "ಮಿಸ್, ಪುಸ್ತಕದಲ್ಲಿ ಪಿ ಕ್ಯೂ ಆರ್ ಇಲ್ಲ" ಎಂದಳು.

ತಪ್ಪು ಅವಳದಲ್ಲ. ಆ ಸಾಧನೆಯನ್ನು ಬೋರ್ಡಿನ ಮೇಲೆ ಬರೆದವಳು ನಾನು. ಬಾಯಿಪಾಠ ಮಾಡಿಸಿದವಳು ನಾನು. ಪೂರ್ತಿ ಅಂಕ ಕೊಟ್ಟವಳೂ ನಾನೇ. ಅವತ್ತು ಸಂಜೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಮತ್ತೆ ನೋಡಿದೆ. ಯಾರಿಗೆ ಅರ್ಥವಾಗಿದೆ, ಯಾರಿಗೆ ಬರೀ ನೆನಪಿದೆ ಎಂದು ಅವುಗಳಿಂದ ಹೇಳಲು ನನಗೆ ಆಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸಲು ಶುರುಮಾಡಿ 22 ವರ್ಷವಾಯಿತು. ಆ ಹುಡುಗಿ ಬಂದದ್ದು ಆರನೇ ವರ್ಷದಲ್ಲಿ. ಆಮೇಲೆ ನನ್ನ ಕ್ಲಾಸನ್ನು ಒಂದೊಂದೇ ಹೆಜ್ಜೆಯಾಗಿ ಬದಲಿಸುತ್ತಾ ಬಂದೆ. ಅದರಲ್ಲಿ ಕೈಹಿಡಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಟೀಚರ್ ಆಗಿದ್ದರೆ ನಾಳೆಯೇ ಮಾಡಿ ನೋಡಬಹುದು. ಮನೆಯಲ್ಲಿ ಹೈಸ್ಕೂಲ್ ಓದುವ ಮಗು ಇದ್ದರೂ ಇದರಲ್ಲಿ ಅರ್ಧದಷ್ಟು ಮನೆಯಲ್ಲೇ ಆಗುತ್ತದೆ.

ವಿಮರ್ಶಾತ್ಮಕ ಚಿಂತನೆ ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಅದಕ್ಕೆ ಬೇರೆ ಪಿರಿಯಡ್, ಬೇರೆ ಪುಸ್ತಕ, ಬೇರೆ ಟೀಚರ್ ಬೇಕು ಎಂದು ಜಾಸ್ತಿ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಏನೂ ಗೊತ್ತಿಲ್ಲದ ವಿಷಯದ ಬಗ್ಗೆ ಯಾರೂ ಚೆನ್ನಾಗಿ ಯೋಚಿಸಲಾರರು. ಯೋಚನೆಗೆ ಸರಕು ಬೇಕು. ಆ ಸರಕು ಇರುವುದು ಗಣಿತ, ವಿಜ್ಞಾನ, ಇತಿಹಾಸ, ಭಾಷೆ ಈ ಪಾಠಗಳಲ್ಲೇ. ಹಾಗಾಗಿ ಇರುವ ಪಾಠದೊಳಗೇ ಎರಡು ಪ್ರಶ್ನೆ ತನ್ನಿ. ಒಂದು, "ನಿನಗೆ ಇದು ಹೇಗೆ ಗೊತ್ತು?" ಇನ್ನೊಂದು, "ಏನು ಕಂಡರೆ ನಿನ್ನ ಮಾತು ತಪ್ಪು ಎಂದು ಒಪ್ಪುತ್ತೀಯ?" ನನ್ನ ಬೋರ್ಡಿನ ಎಡ ಮೂಲೆಯಲ್ಲಿ ಈ ಎರಡು ಸಾಲು ಸದಾ ಇರುತ್ತವೆ. ಯಾರೂ ಅಳಿಸುವುದಿಲ್ಲ.

ಗಣಿತ: ಆರನೇ ಚುಕ್ಕೆ

ಶುರುಮಾಡಲು ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಇದು. ಒಂದು 40 ನಿಮಿಷದ ಪಿರಿಯಡ್ ಸಾಕು. ಪ್ರತಿಯೊಬ್ಬರಿಗೂ ಖಾಲಿ ಹಾಳೆ, ಕೈವಾರ, ಪೆನ್ನು. ವೃತ್ತ ದೊಡ್ಡದಾಗಿರಲಿ, ತ್ರಿಜ್ಯ 6 ಸೆಂಟಿಮೀಟರಿಗೆ ಕಡಿಮೆ ಬೇಡ. ಚಿಕ್ಕದಾದರೆ ಒಳಗಿನ ಸಣ್ಣ ತುಂಡುಗಳು ಕಾಣುವುದಿಲ್ಲ.

ವೃತ್ತದ ಅಂಚಿನ ಮೇಲೆ ಒಂದು ಚುಕ್ಕೆ ಇಡಿಸಿ. ಒಳಗೆ ಎಷ್ಟು ಭಾಗ? ಒಂದು. ಎರಡು ಚುಕ್ಕೆ ಇಟ್ಟು ಗೆರೆ ಎಳೆದರೆ 2 ಭಾಗ. ಮೂರು ಚುಕ್ಕೆ ಇಟ್ಟು ಪ್ರತಿ ಚುಕ್ಕೆಯಿಂದ ಉಳಿದೆಲ್ಲ ಚುಕ್ಕೆಗೂ ಗೆರೆ ಎಳೆದರೆ 4. ನಾಲ್ಕಕ್ಕೆ 8. ಐದಕ್ಕೆ 16. ಈ ಹೊತ್ತಿಗೆ ಕ್ಲಾಸಿನಲ್ಲಿ ಪಿಸುಪಿಸು ಶುರುವಾಗಿರುತ್ತದೆ. ಎಲ್ಲರಿಗೂ ಗುಟ್ಟು ಸಿಕ್ಕಿದೆ. ಆರು ಚುಕ್ಕೆಗೆ ಎಷ್ಟು ಎಂದು ಕೇಳಿ. ಉತ್ತರವನ್ನು ಹಾಳೆಯ ಮೇಲ್ತುದಿಯಲ್ಲಿ ಪೆನ್ನಿನಿಂದ ಬರೆಸಿ, ಪೆನ್ಸಿಲ್ ಬೇಡ. ಎಲ್ಲರೂ 32 ಎಂದು ಬರೆಯುತ್ತಾರೆ. ಆಮೇಲೆ ಚಿತ್ರ ಬರೆದು ಎಣಿಸಲು ಹೇಳಿ. ಚುಕ್ಕೆಗಳನ್ನು ಸಮ ದೂರದಲ್ಲಿ ಇಡಬೇಕೋ ಬೇಡವೋ ಎಂದು ನೀವಾಗಿ ಹೇಳಬೇಡಿ. ಅದನ್ನು ಹೇಳಿಬಿಟ್ಟರೆ ಪಾಠದ ಅರ್ಧ ಹೋಯಿತು.

ಹತ್ತು ನಿಮಿಷದಲ್ಲಿ ಮೂರು ಉತ್ತರ ಬರುತ್ತವೆ. ಕೆಲವರಿಗೆ 31. ಕೆಲವರಿಗೆ 30. ಇನ್ನು ಕೆಲವರಿಗೆ 32. ಈ ಕೊನೆಯವರು ಎಣಿಸಿಯೇ ಇರುವುದಿಲ್ಲ. ಅಥವಾ ಎಣಿಸಿ 31 ಬಂದಾಗ, ಎಲ್ಲೋ ಒಂದು ತುಂಡು ಬಿಟ್ಟುಹೋಗಿದೆ ಎಂದು ತಾವೇ ಒಂದು ಸೇರಿಸಿರುತ್ತಾರೆ. ಅವರನ್ನು ಗದರಿಸಬೇಡಿ. ಕಣ್ಣಿಗಿಂತ ಗುಟ್ಟನ್ನು ಜಾಸ್ತಿ ನಂಬಿದ್ದಾರೆ ಅಷ್ಟೆ. ಅದು ದೊಡ್ಡವರೂ ದಿನಾ ಮಾಡುವ ಕೆಲಸ. ಮೂರು ಬಗೆಯ ಒಂದೊಂದು ಹಾಳೆಯನ್ನು ಬೋರ್ಡಿಗೆ ಅಂಟಿಸಿ. ಪ್ರತಿ ತುಂಡಿನೊಳಗೂ ಸಂಖ್ಯೆ ಬರೆಯುತ್ತಾ ಮಕ್ಕಳೇ ಎಣಿಸಲಿ.

32 ಮೊದಲು ಬಿದ್ದುಹೋಗುತ್ತದೆ. ಉಳಿಯುವುದು 30 ಮತ್ತು 31. ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು, ಅದು ಕಷ್ಟದ ಕೆಲಸ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದ. ಗಣಿತದಲ್ಲಿ ಯಾವಾಗಲೂ ಅರ್ಧ ಅಂಕ ದಾಟದ ಹುಡುಗ. ಎರಡು ಹಾಳೆಗಳ ನಡುಭಾಗದ ಮೇಲೆ ಬೆರಳಿಟ್ಟು, "ಇವನು ಚುಕ್ಕೆ ಸಮವಾಗಿ ಇಟ್ಟಿದ್ದಾನೆ ಮಿಸ್. ಉದ್ದದ ಮೂರು ಗೆರೆ ಒಂದೇ ಜಾಗದಲ್ಲಿ ಸೇರಿವೆ. ಅವಳ ಚಿತ್ರದಲ್ಲಿ ಅಲ್ಲೊಂದು ಚಿಕ್ಕ ತ್ರಿಭುಜ ಇದೆ" ಎಂದ. ಅದೇ ಉತ್ತರ. ಸಮ ದೂರದ ಆರು ಚುಕ್ಕೆಗೆ 30, ಮೂರು ಗೆರೆ ಒಂದೇ ಬಿಂದುವಿನಲ್ಲಿ ಕೂಡದಂತೆ ಇಟ್ಟರೆ 31. ಯಾವ ರೀತಿ ಇಟ್ಟರೂ 32 ಬರುವುದಿಲ್ಲ. ಇಬ್ಬರೂ ಸರಿಯಾಗಿಯೇ ಎಣಿಸಿದ್ದರು. ಇಬ್ಬರ ಪ್ರಶ್ನೆಯೇ ಬೇರೆಯಾಗಿತ್ತು, ಅದು ಇಬ್ಬರಿಗೂ ಗೊತ್ತಿರಲಿಲ್ಲ. ಎಷ್ಟು ಜಗಳಗಳು ಹೀಗೆ ನಡೆಯುತ್ತವೆ ಅಲ್ವಾ?

ಈಗ ಕೇಳಿ: "ಐದು ಸಲ ಸರಿಬಂದದ್ದನ್ನು ನಂಬಿದ್ದೆವು, ಆರನೇ ಸಲ ಕೈಕೊಟ್ಟಿತು. ಹಾಗಾದರೆ ಎಷ್ಟು ಸಲ ಸರಿಬಂದರೆ ನಂಬಬಹುದು?" ಹತ್ತು ಎನ್ನುತ್ತಾರೆ, ಇಪ್ಪತ್ತು ಎನ್ನುತ್ತಾರೆ. ಆಗ ಗಣಿತಜ್ಞ ಆಯ್ಲರ್ 1772ರಲ್ಲಿ ಗಮನಿಸಿದ್ದನ್ನು ಹೇಳಿ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ, ಅದಕ್ಕೆ 41 ಕೂಡಿಸಿ. ಸೊನ್ನೆಯಿಂದ 39ರವರೆಗೆ ಯಾವ ಸಂಖ್ಯೆ ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ಸತತ 40 ಸಲ! 40 ಹಾಕಿ. 1681 ಬರುತ್ತದೆ, ಅದು 41 ಗುಣಿಸು 41. ಕ್ಲಾಸು ಸ್ತಬ್ಧವಾಗುವ ಆ ಕ್ಷಣದಲ್ಲಿ, ಪ್ರಮೇಯಕ್ಕೆ ಸಾಧನೆ ಯಾಕೆ ಬೇಕು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾರಣ ತಿಳಿಯದೆ ಬಿಡಲಾರದ ಒಂದಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಈ ಸುಳಿವು ಕೊಡಿ: ಹೊಸ ಗೆರೆಯೊಂದು ಬಂದರೆ ಒಂದು ಭಾಗ ಹೆಚ್ಚುತ್ತದೆ, ಗೆರೆಗಳು ಒಳಗೆ ಒಂದು ಕಡೆ ದಾಟಿದರೆ ಇನ್ನೊಂದು ಹೆಚ್ಚುತ್ತದೆ. ಎರಡು ಚುಕ್ಕೆಗೆ ಒಂದು ಗೆರೆ, ನಾಲ್ಕು ಚುಕ್ಕೆಗೆ ಒಂದು ದಾಟು. ಆರು ಚುಕ್ಕೆಗೆ 15 ಗೆರೆ, 15 ದಾಟು, ಮೊದಲೇ ಇದ್ದ 1. ಕೂಡಿದರೆ 31. ಏಳಕ್ಕೆ 21, 35 ಮತ್ತು 1, ಅಂದರೆ 57. ಚಿತ್ರ ಬರೆದು ತಾಳೆ ನೋಡಲಿ.

ಎರಡು, ನಾಲ್ಕು, ಆರು

ಮುಂದಿನ ವಾರಕ್ಕೆ ಒಂದು ಆಟ. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಬೋರ್ಡಿನ ಮೇಲೆ 2, 4, 6 ಎಂದು ಬರೆಯಿರಿ. "ನನ್ನ ಮನಸ್ಸಿನಲ್ಲಿ ಒಂದು ನಿಯಮ ಇದೆ. ಈ ಮೂರು ಸಂಖ್ಯೆ ಅದಕ್ಕೆ ಹೊಂದುತ್ತವೆ. ನೀವೂ ಮೂರು ಮೂರು ಸಂಖ್ಯೆ ಹೇಳಿ, ಹೊಂದುತ್ತದೋ ಇಲ್ಲವೋ ಎಂದು ಮಾತ್ರ ಹೇಳುತ್ತೇನೆ. ನಿಯಮ ಖಾತ್ರಿಯಾದಾಗ ಕೈ ಎತ್ತಿ" ಎನ್ನಿ.

8, 10, 12. ಹೌದು. 20, 22, 24. ಹೌದು. 100, 102, 104. ಹೌದು. ಕೈ ಎತ್ತಿಬಿಡುತ್ತಾರೆ. "ಎರಡೆರಡು ಹೆಚ್ಚುವ ಸಮಸಂಖ್ಯೆ!" ಅಲ್ಲ. ಮುಖ ಸಪ್ಪಗಾಗುತ್ತದೆ. ನಿಯಮ ತುಂಬಾ ಸರಳ: ಮುಂದಿನದು ಹಿಂದಿನದಕ್ಕಿಂತ ದೊಡ್ಡದಿರಬೇಕು, ಅಷ್ಟೆ. 1, 7, 900 ಕೂಡ ಹೊಂದುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಮೋಜಿನ ಆಟವಾಗಿ ಮರೆತುಹೋಗುತ್ತದೆ. ನಾನು ಒಂದು ಚಿಕ್ಕ ಕೆಲಸ ಸೇರಿಸಿದೆ, ಅದರಿಂದ ತುಂಬಾ ವ್ಯತ್ಯಾಸವಾಯಿತು. ಸಂಖ್ಯೆ ಹೇಳುವ ಮುಂಚೆ, ನನ್ನಿಂದ ಯಾವ ಉತ್ತರ ಬರಬಹುದೆಂದು ಅವರು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, "ಹೌದು" ಅಥವಾ "ಇಲ್ಲ". ಆಟ ಮುಗಿದ ಮೇಲೆ ಆ ಸಾಲನ್ನು ಮೇಲಿಂದ ಕೆಳಗೆ ಓದಲು ಹೇಳುತ್ತೇನೆ. ಹೌದು, ಹೌದು, ಹೌದು, ಹೌದು. ತಮ್ಮ ಊಹೆ ತಪ್ಪಾಗಬಹುದಾದ ಪ್ರಶ್ನೆಯನ್ನು ಅವರು ಒಂದು ಸಲವೂ ಕೇಳಿಲ್ಲ. "ಇಲ್ಲ ಬರುತ್ತದೆ ಎಂದುಕೊಂಡು ಕೇಳಿ" ಎಂದು ಹೇಳಿ ಇನ್ನೊಂದು ನಿಯಮದೊಂದಿಗೆ ಆಟ ಮತ್ತೆ ಶುರುಮಾಡುತ್ತೇನೆ. ಎರಡನೇ ಸಲ ಆ ಕ್ಲಾಸು ಬೇರೆಯೇ ಕ್ಲಾಸು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಎಲ್ಲರಿಗೂ ಗೊತ್ತು. ಪ್ರಮಾಣಿಸುವುದು ಅಂದರೆ ಏನು ಮಾಡುವುದು ಎಂದು ಗೊತ್ತಾಗುವುದು ಈ ಆಟದಲ್ಲಿ.

ಕಾಯುವುದು

ಮಧ್ಯೆ ಒಂದು ಮಾತು, ಯಾಕೆಂದರೆ ಇದಿಲ್ಲದೆ ಮೇಲಿನ ಯಾವುದೂ ನಡೆಯುವುದಿಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ನಾನು ಎಷ್ಟು ಕಾಯುತ್ತೇನೆ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಾನು ಕಾಯುತ್ತಲೇ ಇರಲಿಲ್ಲ. ಪ್ರಶ್ನೆ ಮುಗಿಯುವುದರೊಳಗೆ ಮುಂದಿನ ಬೆಂಚಿನ ಇಬ್ಬರ ಕಡೆ ತಿರುಗಿ ಅವರಿಂದ ಉತ್ತರ ತೆಗೆದು ಮುಂದೆ ಹೋಗುತ್ತಿದ್ದೆ. ಉಳಿದವರಿಗೆ ಯೋಚಿಸುವ ಅವಕಾಶವೇ ಇರಲಿಲ್ಲ. ಈಗ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಉತ್ತರ ಬಂದ ಮೇಲೂ ಮೂರರವರೆಗೆ ಎಣಿಸುತ್ತೇನೆ, ಸರಿ ತಪ್ಪು ಎನ್ನುವುದಿಲ್ಲ. ಆ ಎರಡನೇ ಮೌನ ಇನ್ನೂ ಮುಖ್ಯ. ಉತ್ತರ ಕೊಟ್ಟವರು ತಾವೇ "ಅಲ್ಲ, ತಾಳಿ ಮಿಸ್..." ಎಂದು ತಿದ್ದಿಕೊಳ್ಳುವುದು ಆ ಹೊತ್ತಿನಲ್ಲೇ.

ವಿಜ್ಞಾನ: ಮೊದಲು ಊಹೆ, ಆಮೇಲೆ ಪ್ರಯೋಗ

ಲೋಲಕದ ಪ್ರಯೋಗ ಎಲ್ಲ ಶಾಲೆಯಲ್ಲೂ ಮಾಡಿಸುತ್ತಾರೆ. ನಾನೂ ವರ್ಷಗಟ್ಟಲೆ ಮಾಡಿಸಿದೆ. ಮಕ್ಕಳು ಮೊದಲೇ ಪುಸ್ತಕ ನೋಡಿ, ಬರಬೇಕಾದ ಉತ್ತರ ತಿಳಿದು, ಅದು ಬರುವಂತೆ ಅಂಕಿ ಬರೆಯುತ್ತಿದ್ದರು. ಚೆಂದದ ಅಂಕಿ ಬರೆದವರಿಗೆ ನಾನು ಜಾಸ್ತಿ ಅಂಕ ಕೊಡುತ್ತಿದ್ದೆ. ನಿಜವಾಗಿ ಅಳೆದು ಅಂಕುಡೊಂಕು ಅಂಕಿ ತಂದವರಿಗೆ ಕಡಿಮೆ. ಸುಳ್ಳು ಹೇಳುವುದನ್ನು ಅಂಕ ಕೊಟ್ಟು ಕಲಿಸುತ್ತಿದ್ದೆ ಎಂದು ಈಗ ನೆನೆದರೆ ನೋವಾಗುತ್ತದೆ.

ಈಗ ಹೀಗೆ ಮಾಡುತ್ತೇನೆ. ಪುಸ್ತಕ ಮುಚ್ಚಿ. ದಾರಕ್ಕೆ ಗುಂಡು ಕಟ್ಟಿ ತೂಗಿ ತೋರಿಸುತ್ತೇನೆ. "ಗುಂಡಿನ ತೂಕ ಎರಡು ಪಟ್ಟು ಮಾಡಿದರೆ ತೂಗುವುದು ಬೇಗ ಆಗುತ್ತದಾ, ನಿಧಾನ ಆಗುತ್ತದಾ, ಹಾಗೇ ಇರುತ್ತದಾ? ಯಾಕೆ?" ಎಲ್ಲರೂ ಊಹೆ ಮತ್ತು ಕಾರಣವನ್ನು ಬರೆದು ಕೊಡಬೇಕು. ಕಾರಣವಿಲ್ಲದ ಊಹೆ ಎಣಿಕೆಗಿಲ್ಲ. ಆಮೇಲೆ ಅಳೆಯುವುದು. 1 ಮೀಟರ್ ದಾರಕ್ಕೆ ಹತ್ತು ಪೂರ್ತಿ ತೂಗಾಟಕ್ಕೆ ಸುಮಾರು 20 ಸೆಕೆಂಡ್. ಗುಂಡು ಭಾರವಾದರೂ ಅಷ್ಟೇ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 10 ಸೆಕೆಂಡ್. ಕಾಲು ಭಾಗ ಉದ್ದಕ್ಕೆ ಅರ್ಧ ಸಮಯ ಯಾಕೆ ಎಂಬುದು ಇನ್ನೊಂದು ಪಿರಿಯಡ್ಡಿನ ಮಾತು.

ಒಂದು ಗುಂಪಿಗೆ ಹಗುರ ಗುಂಡಿಗೆ 20.3, ಭಾರದ ಗುಂಡಿಗೆ 19.8 ಬಂತು ಎಂದುಕೊಳ್ಳಿ. "ನೋಡಿ ಮಿಸ್, ಭಾರ ಇದ್ದರೆ ಬೇಗ" ಎನ್ನುತ್ತಾರೆ. ಇಲ್ಲೇ ನಿಲ್ಲಿ, ಇದು ಬಂಗಾರದಂಥ ಅವಕಾಶ. ಅದೇ ಹಗುರ ಗುಂಡನ್ನು ಐದು ಸಲ ಅಳೆಯಲು ಹೇಳಿ. 20.3, 19.9, 20.1, 19.7, 20.2. ಒಂದೇ ಗುಂಡಿಗೇ ಇಷ್ಟು ಹೆಚ್ಚುಕಮ್ಮಿ ಇದೆ. ಹಾಗಾದರೆ ಆ ಅರ್ಧ ಸೆಕೆಂಡ್ ಗುಂಡಿನದೋ ಸ್ಟಾಪ್‌ವಾಚ್ ಒತ್ತಿದ ಬೆರಳಿನದೋ? ಈ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕ ಮಕ್ಕಳು, ಆಮೇಲೆ ಪತ್ರಿಕೆಯಲ್ಲಿ ಎರಡು ಸಂಖ್ಯೆ ಹೋಲಿಸಿದ್ದನ್ನು ಓದಿದಾಗಲೂ ಇದನ್ನೇ ಕೇಳುತ್ತಾರೆ. ಅಂಕ ಈಗ ಮೂರಕ್ಕೆ: ಊಹೆಗೆ ಕೊಟ್ಟ ಕಾರಣ, ಅಳತೆಯ ಪ್ರಾಮಾಣಿಕತೆ, ಊಹೆ ತಪ್ಪಿದ್ದರೆ ಎಲ್ಲಿ ತಪ್ಪಿತು ಎಂಬ ಎರಡು ಸಾಲು. ಊಹೆ ಸರಿಯಾದದ್ದಕ್ಕೆ ಅಂಕವಿಲ್ಲ.

ವಿಯೆನ್ನಾದ ಎರಡು ವಾರ್ಡು

ಪ್ರಯೋಗಾಲಯ ಬೇಡದ, ಬರೀ ಕಾಗದದ ಚೀಟಿಗಳಿಂದ ನಡೆಯುವ ಪಾಠವೊಂದಿದೆ. ನನಗೆ ಇದು ತುಂಬಾ ಇಷ್ಟ. ಐದೈದು ಮಕ್ಕಳ ಗುಂಪು ಮಾಡಿ. ಎಲ್ಲ ಚೀಟಿಗಳನ್ನು ಒಟ್ಟಿಗೆ ಕೊಡಬೇಡಿ, ಒಂದಾದ ಮೇಲೆ ಒಂದು.

ಮೊದಲ ಚೀಟಿ: ವಿಯೆನ್ನಾದ ದೊಡ್ಡ ಆಸ್ಪತ್ರೆ, 1846. ಎರಡು ಹೆರಿಗೆ ವಿಭಾಗ. ಒಂದನೆಯದರಲ್ಲಿ 4,010 ಹೆರಿಗೆ, 459 ತಾಯಂದಿರ ಸಾವು. ಎರಡನೆಯದರಲ್ಲಿ 3,754 ಹೆರಿಗೆ, 105 ಸಾವು. ಯಾಕೆ? ಮಕ್ಕಳು ಮೊದಲು ಶೇಕಡಾ ಲೆಕ್ಕ ಹಾಕಲಿ: 11.4 ಮತ್ತು 2.8. ಆಮೇಲೆ ಗುಂಪಿಗೆ ಮೂರು ಊಹೆ ಬರೆಯಬೇಕು. ಪ್ರತಿ ಊಹೆಯ ಪಕ್ಕದಲ್ಲಿ, "ಇದು ನಿಜವಾದರೆ ಬೇರೆ ಏನು ಕಾಣಬೇಕು?" ಎಂಬುದಕ್ಕೂ ಉತ್ತರ ಬರೆಯಬೇಕು. ಪಾಠದ ಜೀವ ಇರುವುದು ಈ ಎರಡನೇ ಕಾಲಂನಲ್ಲಿ. ಅದನ್ನು ಬಿಟ್ಟರೆ ಇದು ಬರೀ ಕಥೆ.

ಸಾಮಾನ್ಯವಾಗಿ ಬರುವ ಊಹೆಗಳು: ಒಂದನೇ ವಾರ್ಡಿನಲ್ಲಿ ಜನ ಜಾಸ್ತಿ, ಗಾಳಿ ಕೆಟ್ಟಿದೆ, ಅಲ್ಲಿಗೆ ಕಷ್ಟದ ಹೆರಿಗೆಗಳೇ ಬರುತ್ತವೆ. ಎರಡನೇ ಚೀಟಿ ಕೊಡಿ. ಇಕ್ಕಟ್ಟು ಜಾಸ್ತಿ ಇದ್ದದ್ದು ಎರಡನೇ ವಾರ್ಡಿನಲ್ಲಿ. ಎರಡೂ ಒಂದೇ ಕಟ್ಟಡ, ಒಂದೇ ಗಾಳಿ. ದಿನ ಬಿಟ್ಟು ದಿನ ಸೇರಿಸಿಕೊಳ್ಳುತ್ತಿದ್ದರು, ಆದ್ದರಿಂದ ಯಾರು ಯಾವ ವಾರ್ಡಿಗೆ ಎಂಬುದನ್ನು ಬಂದ ದಿನ ತೀರ್ಮಾನಿಸುತ್ತಿತ್ತು. ಮೂರು ಊಹೆಯೂ ಉದುರಿದವು. ಮಕ್ಕಳು ತಾವೇ ಗೆರೆ ಹೊಡೆಯಬೇಕು, ನೀವಲ್ಲ.

ಮೂರನೇ ಚೀಟಿ: ಸೆಮ್ಮೆಲ್‌ವೈಸ್ ಎಂಬ ವೈದ್ಯ ಏನೇನು ಬದಲಿಸಿ ನೋಡಿದ ಎಂಬುದು. ಸಾಯುವವರ ಬಳಿಗೆ ಹೋಗುವ ಪಾದ್ರಿಯ ಗಂಟೆ ಸದ್ದಿಗೆ ಹೆದರುತ್ತಾರೇನೋ ಎಂದು ಗಂಟೆ ನಿಲ್ಲಿಸಿದ. ಪ್ರಯೋಜನವಾಗಲಿಲ್ಲ. ಹೆರಿಗೆಯ ಭಂಗಿ ಬದಲಿಸಿದ. ಅದೂ ಆಗಲಿಲ್ಲ. ನಾಲ್ಕನೇ ಚೀಟಿ: ಒಂದನೇ ವಾರ್ಡಿನಲ್ಲಿ ಇದ್ದವರು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳು ಶವ ಕೊಯ್ದು ಕಲಿಯುತ್ತಿದ್ದರು. 1847ರ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್‌ನ ಸ್ನೇಹಿತ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗುಲಿ ಗಾಯವಾಗಿ ತೀರಿಕೊಂಡ. ಅವನ ಲಕ್ಷಣಗಳು ಆ ತಾಯಂದಿರ ಲಕ್ಷಣಗಳಂತೆಯೇ ಇದ್ದವು.

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಯಾರಾದರೂ "ಕೈ!" ಎಂದು ಕೂಗುತ್ತಾರೆ. ಕೂಗಿದವರನ್ನು ಕೂಡಲೇ ಹೊಗಳಬೇಡಿ. "ಹೌದೋ ಅಲ್ಲವೋ ಎಂದು ಹೇಗೆ ತಿಳಿಯುತ್ತೀಯ?" ಎಂದು ಕೇಳಿ. ಕೈ ತೊಳೆಸಿ ನೋಡಬೇಕು ಎಂದು ಅವರ ಬಾಯಿಂದಲೇ ಬರಲಿ. ಆಮೇಲೆ ಐದನೇ ಚೀಟಿ: ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು.

ಇಲ್ಲಿಗೆ ಮುಗಿಸಬೇಡಿ. ಆ ಕಾಲದ ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಮಕ್ಕಳನ್ನು ಕೇಳಿ. ರೋಗಾಣುಗಳ ಬಗ್ಗೆ ಆಗ ತಿಳಿದಿರಲಿಲ್ಲ, ಹಾಗಾಗಿ ಹೇಗೆ ಎಂಬುದಕ್ಕೆ ಅವನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಜೊತೆಗೆ, ತಮ್ಮ ಕೈಯೇ ಸಾವು ತಂದಿತು ಎಂದು ಒಪ್ಪುವುದು ಯಾರಿಗೆ ಸುಲಭ? ಒಮ್ಮೆ ಒಬ್ಬಳು, "ಮಿಸ್, ಅವರಿಗೆ ತುಂಬಾ ಭಯ ಆಗಿರಬೇಕು" ಎಂದಳು. ಒಪ್ಪದವರನ್ನು ಮೂರ್ಖರು ಎನ್ನದೆ ಅವರ ಒಳಗನ್ನು ನೋಡಿದಳಲ್ಲ, ಅದೂ ಯೋಚನೆಯೇ.

ಇತಿಹಾಸ ಮತ್ತು ಭಾಷೆ

ಇವು ನನ್ನ ವಿಷಯಗಳಲ್ಲ. ಪಕ್ಕದ ಕ್ಲಾಸಿನ ಸಮಾಜ ವಿಜ್ಞಾನದ ಟೀಚರ್ ಜೊತೆ ಸೇರಿ ಮಾಡಿದ್ದನ್ನು ಹೇಳುತ್ತೇನೆ. ಒಂದು ದಿನ ಗಾಳಿಗೆ ಕಿಟಕಿಯ ಗಾಜು ಒಡೆದು ದೊಡ್ಡ ಗದ್ದಲವಾಗಿತ್ತು. ಮರುದಿನ ಅವರು 38 ಮಕ್ಕಳಿಗೂ, "ನಿನ್ನೆ ಏನಾಯಿತು, ಹತ್ತು ಸಾಲು ಬರೆಯಿರಿ, ಮಾತಾಡಬೇಡಿ" ಎಂದರು. ಸದ್ದು ಮೊದಲೋ ಕೂಗು ಮೊದಲೋ, ಯಾರು ಎದ್ದು ಓಡಿದರು, ಎಷ್ಟು ಹೊತ್ತಾಗಿತ್ತು ಎಂಬುದರಲ್ಲಿ ಒಬ್ಬರದಕ್ಕೊಬ್ಬರದು ತಾಳೆಯಿಲ್ಲ. ಕಿಟಕಿಯಿಂದ ದೂರ ಕೂತವರ ಬರಹದಲ್ಲೇ ರೋಚಕ ವಿವರ ಜಾಸ್ತಿ. ಆಗ ಅವರು ಕೇಳಿದರು: ಯಾರದನ್ನು ಜಾಸ್ತಿ ನಂಬೋಣ? ಯಾಕೆ? ಹತ್ತಿರ ಇದ್ದವರದಾ? ಬೇರೆ ಬೇರೆ ಕಡೆ ಕೂತ ಇಬ್ಬರು ಮಾತಾಡಿಕೊಳ್ಳದೆ ಒಂದೇ ವಿಷಯ ಬರೆದಿದ್ದರೆ ಅದಕ್ಕೆ ಎಷ್ಟು ಬೆಲೆ? ಆಧಾರಗಳನ್ನು ತೂಗುವುದು ಹೇಗೆ ಎಂಬ ಪಾಠ ಅಲ್ಲಿಗೆ ಬಂತು.

ಭಾಷೆಯ ಟೀಚರ್‌ಗೂ ಇದರಲ್ಲಿ ಪಾಲಿದೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ಅಧಿಕಾರ ಬಿಟ್ಟುಕೊಟ್ಟ ಎನ್ನುವ ದಾನಪತ್ರವನ್ನು ಜನ ಶತಮಾನಗಳ ಕಾಲ ನಂಬಿದ್ದರು. ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ 1440ರಲ್ಲಿ ಅದರ ಭಾಷೆಯನ್ನೇ ಹಿಡಿದು ಜಗ್ಗಿದ. ಇಂಥ ಪದಗಳು, ಇಂಥ ಲ್ಯಾಟಿನ್ ಆ ಚಕ್ರವರ್ತಿಯ ಕಾಲದಲ್ಲಿ ಇರಲಿಲ್ಲ ಎಂದು ತೋರಿಸಿ ಅದು ಖೋಟಾ ಎಂದು ಸಾಧಿಸಿದ. ವ್ಯಾಕರಣ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಉತ್ತರ ಇದು.

ಚರ್ಚಾಸ್ಪರ್ಧೆಯ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಗೆಲ್ಲುವುದೇ ಗುರಿಯಾದರೆ ಮಕ್ಕಳು ತಮ್ಮ ಮಾತು ಬದಲಿಸದಿರುವುದನ್ನು ಕಲಿಯುತ್ತಾರೆ, ಅದು ನಮಗೆ ಬೇಕಾದದ್ದರ ಉಲ್ಟಾ. ಮಾಡಿಸುವುದಾದರೆ ಎರಡು ನಿಯಮ ಇಡಿ. ಎದುರಾಳಿಯ ವಾದವನ್ನು ಮೊದಲು ನೀವು ಹೇಳಬೇಕು, "ಹೌದು, ನಾನು ಹೇಳಿದ್ದು ಅದೇ" ಎಂದು ಅವರು ಒಪ್ಪಿದ ಮೇಲಷ್ಟೇ ನಿಮ್ಮ ಉತ್ತರ. ಮತ್ತು ಅರ್ಧ ಹೊತ್ತಿಗೆ ಪಕ್ಷ ಅದಲುಬದಲು.

ಫೋನಿನಲ್ಲಿ ಬಂದದ್ದನ್ನು ನೋಡುವುದು

ಇದನ್ನು ಒಂದೇ ಅಭ್ಯಾಸಕ್ಕೆ ಇಳಿಸಬಹುದು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, 10 ಸುದ್ದಿ ಪರಿಶೀಲಕರು, 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆ ಎಂದು ನೋಡಿದರು. ಓದಿಕೊಂಡ ಇತಿಹಾಸಕಾರರೂ ಚೆಂದದ ಪುಟಕ್ಕೆ ಮರುಳಾದರು. ಪರಿಶೀಲಕರು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊರಗೆ ಬಂದು, ಇದರ ಹಿಂದೆ ಇರುವವರು ಯಾರು, ಅವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು.

ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಪುಟದೊಳಗೆ ಕೂತು ಪುಟವನ್ನು ಅಳೆಯಬೇಡಿ, ಹೊರಗೆ ಹೋಗಿ ಕೇಳಿ ಬನ್ನಿ. ವಾರಕ್ಕೊಂದು ಸುದ್ದಿ, ಹತ್ತು ನಿಮಿಷ, ಎರಡು ಬೇರೆ ಮೂಲ. ಮನೆಯಲ್ಲೂ ಸಲೀಸಾಗಿ ಆಗುತ್ತದೆ.

ಎಲ್ಲಿ ಎಡವುತ್ತೀರಿ

ಮೊದಲ ತಿಂಗಳು ಮಕ್ಕಳಿಗೆ ಸಿಟ್ಟು ಬರುತ್ತದೆ. "ಉತ್ತರ ಹೇಳಿಬಿಡಿ ಮಿಸ್" ಎನ್ನುತ್ತಾರೆ. ಚೆನ್ನಾಗಿ ಅಂಕ ತೆಗೆಯುವವರಿಗೇ ಸಿಟ್ಟು ಜಾಸ್ತಿ, ಯಾಕೆಂದರೆ ಇಷ್ಟು ದಿನ ಗೆಲ್ಲುತ್ತಿದ್ದ ಆಟದ ನಿಯಮವನ್ನು ನೀವು ಬದಲಿಸಿದ್ದೀರಿ. ಅವರ ಜೊತೆ ಬೇರೆಯಾಗಿ ಮಾತಾಡಿ. ತಪ್ಪಿದರೆ ಅಂಕ ಹೋಗುವುದಿಲ್ಲ ಎಂದು ಹೇಳಿದರೆ ಸಾಲದು, ಮೂರು ನಾಲ್ಕು ಸಲ ಕಣ್ಣಾರೆ ಕಾಣಬೇಕು.

"ಹೇಗೆ ಗೊತ್ತು?" ಎನ್ನುವುದನ್ನು ಕೆಲವರು ಬೇರೆಯವರನ್ನು ಚುಚ್ಚಲು ಬಳಸುತ್ತಾರೆ. ಒಬ್ಬ ಹುಡುಗ ಪಕ್ಕದವಳು ಏನು ಹೇಳಿದರೂ ಇದನ್ನೇ ಕೇಳುತ್ತಿದ್ದ, ಕೊನೆಗೆ ಅವಳು ಮಾತನ್ನೇ ನಿಲ್ಲಿಸಿದಳು. ಅದಾದ ಮೇಲೆ ಹೊಸ ನಿಯಮ ಮಾಡಿದೆ. ಈ ಪ್ರಶ್ನೆಯನ್ನು ಬೇರೆಯವರಿಗೆ ಒಂದು ಸಲ ಕೇಳಿದರೆ, ಮುಂದಿನ ಸರದಿ ತನ್ನದೇ ಮಾತಿಗೆ ತಾನೇ ಕೇಳಿಕೊಳ್ಳಬೇಕು, ಎಲ್ಲರ ಮುಂದೆ.

ನಿಮ್ಮನ್ನೂ ಕೇಳುತ್ತಾರೆ. ಆಗ "ನನಗೆ ಗೊತ್ತಿಲ್ಲ, ನೋಡೋಣ" ಎನ್ನಲು ಬರಬೇಕು. 1963ರಲ್ಲಿ, ಈಗಿನ ತಾಂಜಾನಿಯಾದಲ್ಲಿ, ಎರಾಸ್ಟೊ ಎಂಪೆಂಬಾ ಎಂಬ ಶಾಲಾ ಹುಡುಗ ಬಿಸಿ ಹಾಲಿನ ಮಿಶ್ರಣ ತಣ್ಣಗಿನದಕ್ಕಿಂತ ಬೇಗ ಗಟ್ಟಿಯಾದದ್ದನ್ನು ಕಂಡ. ಟೀಚರ್‌ ಅವನ ಮಾತನ್ನು ಹಾಸ್ಯ ಮಾಡಿದರು. ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕ ಡೆನಿಸ್ ಆಸ್ಬರ್ನ್ ಶಾಲೆಗೆ ಬಂದಾಗ ಅದೇ ಪ್ರಶ್ನೆ ಕೇಳಿದ. ಅವರು ನಗಲಿಲ್ಲ, ಪ್ರಯೋಗ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಆ ಪರಿಣಾಮ ನಿಜವೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ, 2016ರಲ್ಲಿ ಎಚ್ಚರಿಕೆಯಿಂದ ಅಳೆದು ನೋಡಿದವರಿಗೆ ಅದು ಕಾಣಲೇ ಇಲ್ಲ. ನಾನು ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ. ಕೇಳಿದ್ದು ಸರಿ. ಅಳೆದು ನೋಡಿ ಇಲ್ಲ ಎಂದದ್ದೂ ಸರಿ.

ಪರೀಕ್ಷೆ ಮತ್ತು ಸಮಯ

ಪಾಠ ಮುಗಿಸುವುದು ಯಾವಾಗ ಎಂದು ಎಲ್ಲ ಟೀಚರ್‌ಗಳೂ ಕೇಳುತ್ತಾರೆ. ವಾರಕ್ಕೆ ಒಂದು ಪಿರಿಯಡ್ ಸಾಕು, ಉಳಿದವು ಎಂದಿನಂತೆ ನಡೆಯಲಿ. ಜೊತೆಗೆ ಪ್ರತಿ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬದಲಿಸಿ. "ಸಾಧಿಸಿ" ಎಂಬುದರ ಬದಲು, ತಪ್ಪಿರುವ ಸಾಧನೆಯೊಂದನ್ನು ಕೊಟ್ಟು "ತಪ್ಪು ಯಾವ ಸಾಲಿನಲ್ಲಿದೆ, ಯಾಕೆ ತಪ್ಪು?" ಎಂದು ಕೇಳಿ. ಒಂದು ಉದಾಹರಣೆ. ಎ ಮತ್ತು ಬಿ ಸಮ ಎಂದುಕೊಳ್ಳಿ. ಎ ವರ್ಗವೂ ಎಬಿಯೂ ಸಮ. ಎರಡೂ ಕಡೆಯಿಂದ ಬಿ ವರ್ಗ ಕಳೆಯಿರಿ. ಅಪವರ್ತಿಸಿ. ಎರಡೂ ಕಡೆ ಇರುವ ಎ ಕಳೆ ಬಿ ಹೊಡೆದುಹಾಕಿ. ಎ ಕೂಡಿಸು ಬಿ ಸಮ ಬಿ ಎಂದು ಉಳಿಯುತ್ತದೆ, ಅಂದರೆ 2 ಸಮ 1. ಎಲ್ಲಿ ಎಡವಿದೆವು? ಹೊಡೆದುಹಾಕಿದ್ದು ಸೊನ್ನೆಯನ್ನು ಎಂದು ಕಂಡುಹಿಡಿದ ಮಗು, ಸೊನ್ನೆಯಿಂದ ಭಾಗಿಸಬಾರದು ಎಂಬುದನ್ನು ಇನ್ನು ಉರು ಹೊಡೆಯಬೇಕಾಗಿಲ್ಲ. ಇಂಥ ಪ್ರಶ್ನೆಗೆ ಬೇಕಾದ ತಪ್ಪುಗಳನ್ನು ನಾನು ಮಕ್ಕಳ ಹಳೆಯ ಉತ್ತರ ಪತ್ರಿಕೆಗಳಿಂದಲೇ ಹೆಸರಿಲ್ಲದೆ ಆರಿಸುತ್ತೇನೆ.

ಶುರುಮಾಡುವವರು ಮೊದಲ ವಾರ ಚುಕ್ಕೆಗಳ ಪಾಠ, ಎರಡನೇ ವಾರ 2, 4, 6, ಮೂರನೇ ವಾರ ಲೋಲಕ, ನಾಲ್ಕನೇ ವಾರ ವಿಯೆನ್ನಾದ ಚೀಟಿ ಮಾಡಿ. ಆಮೇಲೆ ನಿಮ್ಮ ಪಾಠದ ಪುಸ್ತಕದಲ್ಲೇ ಜಾಗಗಳು ಕಾಣತೊಡಗುತ್ತವೆ. ಮಕ್ಕಳು ಊಹೆ ಬರೆದುಕೊಟ್ಟ ಹಾಳೆಗಳನ್ನು ಮಾತ್ರ ಎಸೆಯಬೇಡಿ. ಒಬ್ಬೊಬ್ಬರದು ಒಂದೊಂದು ಕವರಿನಲ್ಲಿ ಇಟ್ಟುಕೊಳ್ಳಿ. ವರ್ಷದ ಕೊನೆಯ ವಾರ ವಾಪಸ್ ಕೊಟ್ಟು, ಯಾವ ಊಹೆ ಬದಲಾಯಿತು, ಏನು ಕಂಡು ಬದಲಾಯಿತು ಎಂದು ಅವರಿಂದಲೇ ಬರೆಸಿ. ಅದಕ್ಕೆ ಪೂರ್ತಿ ಪಿರಿಯಡ್ ಬೇಕು. ಅವತ್ತು ಬೇರೆ ಪಾಠ ಇಟ್ಟುಕೊಳ್ಳಬೇಡಿ.